ಹೊಸ್ತಿಲಿನ ಗಳಿಗೆ: ಮೈಸೂರಿನಲ್ಲಿ ಆತ್ಮರಕ್ಷಣೆಯ ಹಕ್ಕು ಮತ್ತು ಶಿಕ್ಷೆಯ ಹಂಬಲ

2021ರ ಆಗಸ್ಟ್ 23ರ ಸಂಜೆ ಮೈಸೂರಿನ ವಿದ್ಯಾರಣ್ಯಪುರದ ಚಿನ್ನದಂಗಡಿಯೊಂದಕ್ಕೆ ದರೋಡೆಕೋರರು ನುಗ್ಗಿದರು. ಅವರ ಗುಂಡಿಗೆ ಬಲಿಯಾದವನು ಅಂಗಡಿಯವನಲ್ಲ, ಒಡವೆ ಕೊಳ್ಳಲು ಬಂದಿದ್ದ ಯುವಕ. ಮರುದಿನ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆರೋಪಿಗಳ ಬಂಧನ ಪ್ರಕಟವಾದದ್ದು ಆಗಸ್ಟ್ 28ರಂದು. ನಡುವಿನ ನಾಲ್ಕು ದಿನ ಈ ಊರು ಆಡಿಕೊಂಡ ಮಾತುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬಂದವು: ‘ಮನೆಯಲ್ಲೊಂದು ಪಿಸ್ತೂಲು ಇಟ್ಟುಕೊಳ್ಳಬೇಕು’, ‘ಸಿಕ್ಕ ಕೂಡಲೇ ಎನ್‌ಕೌಂಟರ್ ಮಾಡಬೇಕು’. ಎರಡನೆಯ ಮಾತು ಬೀದಿಯಲ್ಲೇ ಉಳಿಯಲಿಲ್ಲ. ಹೈದರಾಬಾದ್ ಪೊಲೀಸರ ದಾರಿ ಹಿಡಿಯಬೇಕೆಂದು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಹಿರಂಗವಾಗಿಯೇ ಹೇಳಿದರು. ಅತ್ತ ಮೈಸೂರು ವಿಶ್ವವಿದ್ಯಾನಿಲಯ ಸಂಜೆ ಆರೂವರೆಯ ನಂತರ ವಿದ್ಯಾರ್ಥಿನಿಯರು ತನ್ನ ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದೆಂಬ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು.

ಮನೆಯಲ್ಲಿ ಆಯುಧ ಬೇಕೆನ್ನುವ ಮಾತನ್ನೂ ಅಪರಾಧಿಯನ್ನು ತಕ್ಷಣ ಕೊಲ್ಲಬೇಕೆನ್ನುವ ಮಾತನ್ನೂ ನಾವು ಒಂದೇ ಉಸಿರಿನಲ್ಲಿ ಆಡುತ್ತೇವೆ. ಕಾನೂನು ಇವೆರಡನ್ನೂ ಒಂದೇ ಎಂದು ಕಾಣುವುದಿಲ್ಲ. ಅಪಾಯ ಎದುರಿಗಿರುವ ಗಳಿಗೆಯಲ್ಲಿ ಅದು ಮನೆಯವನಿಗೆ ಪ್ರಾಣ ತೆಗೆಯುವಷ್ಟು ಅಧಿಕಾರ ಕೊಡುತ್ತದೆ. ಗಳಿಗೆ ಕಳೆದೊಡನೆ ಅದನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತದೆ. ಎನ್‌ಕೌಂಟರಿನ ಬೇಡಿಕೆ ಎಂದರೆ ಮುಗಿದುಹೋದ ಆ ಗಳಿಗೆಯನ್ನು ಮುಂದಕ್ಕೆ ಎಳೆದು, ಶಿಕ್ಷೆಗೆ ರಕ್ಷಣೆಯ ಹೆಸರು ಕೊಡುವ ಬೇಡಿಕೆ. ಕಾನೂನಿನ ಪಾಠ, ತೀರ್ಪುಗಳು ಮತ್ತು ಮೈಸೂರಿಗೆ ನೇರ ಸಂಬಂಧವಿರುವ ಕೆಲವು ಪ್ರಕರಣಗಳ ಆಧಾರದ ಮೇಲೆ ಈ ವಾದವನ್ನು ಇಲ್ಲಿ ಮಂಡಿಸುತ್ತೇನೆ.

ಕಾನೂನು ಕೊಟ್ಟದ್ದು ಎಷ್ಟು

‘ಕಳ್ಳನನ್ನು ಹೊಡೆದರೆ ನಮ್ಮ ಮೇಲೇ ಕೇಸು’ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕಾನೂನಿನ ಪಾಠ ಅಷ್ಟು ಜಿಪುಣವಾಗಿಲ್ಲ. 1837ರಲ್ಲಿ ದಂಡ ಸಂಹಿತೆಯ ಕರಡು ಬರೆದ ಮೆಕಾಲೆ ಮತ್ತು ಅವನ ಜೊತೆಗಾರರು ಈ ನಾಡಿನ ಜನ ಅನ್ಯಾಯವನ್ನು ತೆಪ್ಪಗೆ ಸಹಿಸುತ್ತಾರೆಂದು ತಿಳಿದಿದ್ದರು. ಆ ತಿಳಿವಳಿಕೆಯಲ್ಲಿ ವಸಾಹತುಶಾಹಿಯ ಅಹಂಕಾರವಿತ್ತು. ಆದರೆ ಅದರ ಫಲವಾಗಿ ಆತ್ಮರಕ್ಷಣೆಯ ಹಕ್ಕು ವಿಶಾಲವಾಗಿಯೇ ರೂಪುಗೊಂಡಿತು. 1860ರ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳಾಗಿ ಹೆಚ್ಚುಕಡಿಮೆ ಹಾಗೆಯೇ ಮುಂದುವರಿದಿವೆ.

ಇವುಗಳಲ್ಲಿ ಮನೆಗೆ ಹತ್ತಿರವಾದದ್ದು 41ನೆಯ ಕಲಮು. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಕನ್ನ, ವಾಸದ ಮನೆಗೆ ಬೆಂಕಿ, ಸಾವು ಅಥವಾ ತೀವ್ರ ಗಾಯದ ಭಯ ಹುಟ್ಟಿಸುವಂಥ ಮನೆಯೊಳಗಿನ ಅತಿಕ್ರಮ ಪ್ರವೇಶ, ಇವುಗಳ ಎದುರು ಆಸ್ತಿಯ ರಕ್ಷಣೆಗಾಗಿಯೂ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಬಹುದು. ದೇಹದ ರಕ್ಷಣೆಯನ್ನು ಕುರಿತ 38ನೆಯ ಕಲಮಿನಲ್ಲಿ ಅತ್ಯಾಚಾರದ ಉದ್ದೇಶದ ಹಲ್ಲೆಯೂ ಇದೆ, 2013ರ ತಿದ್ದುಪಡಿಯಿಂದ ಬಂದ ಆ್ಯಸಿಡ್ ದಾಳಿಯೂ ಇದೆ. ಹಕ್ಕು ಮೀರಿ, ಆದರೆ ಸದ್ಭಾವನೆಯಿಂದ ಕೊಂದವನ ಕೃತ್ಯ ಕೊಲೆಯಾಗದೆ ಕಡಿಮೆ ದರ್ಜೆಯ ಅಪರಾಧವಾಗುತ್ತದೆ. ಆತ್ಮರಕ್ಷಣೆಯನ್ನು ರುಜುವಾತುಪಡಿಸುವ ಹೊಣೆ ಆರೋಪಿಯದೇ ಆದರೂ ಸಂಭವನೀಯತೆ ತನ್ನ ಕಡೆಗಿದೆ ಎಂದು ತೋರಿಸಿದರೆ ಸಾಕು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವಗಳನ್ನು ಒಂದೆಡೆ ಕಲೆಹಾಕಿತು. ಎದೆ ಹೊಡೆದುಕೊಳ್ಳುತ್ತಿರುವವನು ತನ್ನ ಏಟನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಕೊಡಲಾರನೆಂಬುದನ್ನು ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಒಪ್ಪಿವೆ.

ಹಕ್ಕಿಗೆ ಎಲ್ಲೆ ಹಾಕುವುದು ಆಯುಧಕ್ಕಿಂತ ಹೆಚ್ಚಾಗಿ ಕಾಲ. 43ನೆಯ ಕಲಮಿನ ಪ್ರಕಾರ ರಾತ್ರಿ ಕನ್ನದ ವಿರುದ್ಧದ ಹಕ್ಕು ಆ ಅತಿಕ್ರಮ ಪ್ರವೇಶ ಮುಂದುವರಿಯುವವರೆಗೆ ಮಾತ್ರ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ ಎನ್ನುತ್ತದೆ 37ನೆಯ ಕಲಮು. 1962ರ ಜಯದೇವ್ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಅಂದಿನ ಪಂಜಾಬಿನ ಹೊಲವೊಂದರ ಜಗಳದಲ್ಲಿ ಎದುರಾಳಿಗಳು ಬೆನ್ನು ತಿರುಗಿಸಿ ಓಡತೊಡಗಿದ ಮೇಲೂ ಗುಂಡು ಹಾರಿಸಿದವರಿಗೆ ಆತ್ಮರಕ್ಷಣೆಯ ಆಸರೆ ಸಿಗಲಿಲ್ಲ.

ಕನ್ನಡಿಗರಿಗೆ ಇದನ್ನು ಅರ್ಥಮಾಡಿಸಲು ಪಂಜಾಬಿನ ಹೊಲಕ್ಕೆ ಹೋಗಬೇಕಾಗಿಲ್ಲ. ಚಿತ್ರದುರ್ಗದ ಓಬವ್ವನ ಕಥೆಯನ್ನು ನೆನೆಯಿರಿ. ಹೈದರಾಲಿಯ ಸೈನಿಕರನ್ನು ಆಕೆ ಬೆನ್ನಟ್ಟಿ ಹೋಗಿ ಹೊಡೆಯಲಿಲ್ಲ. ಕಿಂಡಿಯಲ್ಲಿ ತೂರಿ ಬಂದ ತಲೆಯ ಮೇಲೆ, ಬಂದ ಕ್ಷಣದಲ್ಲಿ, ಕೈಗೆ ಸಿಕ್ಕ ಒನಕೆಯಿಂದ ಹೊಡೆದಳು. ಯುದ್ಧಕ್ಕೆ ದಂಡ ಸಂಹಿತೆ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಹೊಸ್ತಿಲಿನ ಗಳಿಗೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನಮ್ಮ ಜನಮನಸ್ಸಿನಲ್ಲಿ ಇನ್ನೊಂದಿಲ್ಲ. ಆ ಒನಕೆಗೆ ಇಂದೂ ಪರವಾನಗಿ ಬೇಕಿಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆ ಕೇವಲ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆಂದು ಮಾಡಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ.

ಕೋವಿ ಯಾರ ಮನೆಯಲ್ಲಿ

ಆಯುಧಪೂಜೆಯನ್ನು ಮೈಸೂರಿನಷ್ಟು ವೈಭವದಿಂದ ಮಾಡುವ ಊರು ಅಪರೂಪ. ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ನಡೆಯುವ ದಿನ ಊರಿನ ಮನೆಗಳಲ್ಲಿ ಈಳಿಗೆಮಣೆ, ಮಚ್ಚು, ಸ್ಕೂಟರುಗಳಿಗೆ ಕುಂಕುಮ ಬೀಳುತ್ತದೆ. ಕೋವಿ ಮಾತ್ರ ಬಹುತೇಕ ಮನೆಗಳಲ್ಲಿ ಇಲ್ಲ. ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಚುನಾವಣೆ ಬಂತೆಂದರೆ ಆ ಕೋವಿಯೂ ಠಾಣೆ ಸೇರುತ್ತದೆ.

ಒಂದು ಸಮುದಾಯದ ಸ್ಥಿತಿ ಬೇರೆ. 1857ರ ದಂಗೆಯ ನಂತರ ಜನರನ್ನು ನಿಶ್ಶಸ್ತ್ರಗೊಳಿಸುವ ಕಾಯ್ದೆ ಬಂದಾಗ, ಮೈಸೂರು ಮತ್ತು ಕೊಡಗಿನ ಆಡಳಿತ ನಡೆಸುತ್ತಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟನು. ಅದು ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರ ಅಧಿಸೂಚನೆಯ ಮೂಲಕ 2029ರವರೆಗೆ ವಿಸ್ತರಣೆಯಾಗಿದೆ. ಕೊಡವರ ಜೊತೆಗೆ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರೂ ಇದರ ವ್ಯಾಪ್ತಿಯಲ್ಲಿದ್ದಾರೆ. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಅಂದರೆ ಮೈಸೂರು ಪಿಸ್ತೂಲಿನ ಮಾತಾಡುತ್ತಿದ್ದ ದಿನಗಳ ಬೆನ್ನಿಗೇ. ವಿನಾಯಿತಿಯ ಷರತ್ತಿನಂತೆ ಕೊಡಗಿನ ಹೊರಗೆ ವಾಸಿಸುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ನುಣುಪು ನಳಿಗೆಯ ಕೋವಿ ಮತ್ತು 500 ತೋಟೆ ಮೀರುವಂತಿಲ್ಲ. ಹಾಗಾಗಿ ಮೈಸೂರಿನ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಒಬ್ಬರಿಗೆ ಪರವಾನಗಿ ಬೇಕು, ಇನ್ನೊಬ್ಬರಿಗೆ ಬೇಡ.

ಕೊಡವರ ಮನೆಯಲ್ಲಿ ಕೋವಿ ಕಳ್ಳನಿಗಾಗಿ ಕಾದು ಕುಳಿತ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ ಎಂಬ ಹೂವನ್ನು ಮುಡಿಸುತ್ತಾರೆ, ಹುಟ್ಟಿನಲ್ಲೂ ಸಾವಿನಲ್ಲೂ ಅದರ ಸದ್ದು ಕೇಳುತ್ತದೆ. ಹಿರಿಯರ ಕಣ್ಣಳತೆಯಲ್ಲಿ, ಆಚಾರದ ಕಟ್ಟಿನಲ್ಲಿ ಅದು ಬೆಳೆದಿದೆ. ಅಂಥ ಕಟ್ಟು ಇಲ್ಲದ ಮನೆಗೆ ಭಯದ ವಾರದಲ್ಲಿ ತಂದಿಟ್ಟ ಪಿಸ್ತೂಲನ್ನು ಇದರ ಜೊತೆ ಹೋಲಿಸಲಾಗದು. ವಿದ್ಯಾರಣ್ಯಪುರದ ಗುಂಡು ಯಾರನ್ನು ತಾಗಿತೆಂಬುದನ್ನೂ ಮರೆಯಬಾರದು. ಇಕ್ಕಟ್ಟಾದ ಅಂಗಡಿಯಲ್ಲಿ, ಗೋಡೆಗೆ ಗೋಡೆ ತಾಗಿದ ವಠಾರದಲ್ಲಿ ಹಾರಿದ ಗುಂಡು, ಹಾರಿಸಿದವನು ಯಾರೇ ಆಗಿರಲಿ, ನೆರೆಯವನ ಎದೆಯನ್ನೂ ಹುಡುಕಬಹುದು.

ಗಳಿಗೆ ಕಳೆದ ಮೇಲೆ

2021ರಲ್ಲಿ ಮೈಸೂರು ಹೆಸರಿಸಿದ ‘ಹೈದರಾಬಾದ್ ಮಾದರಿ’ ಏನೆಂಬುದು ಮುಂದಿನ ವರ್ಷ ದಾಖಲೆಯಲ್ಲಿ ಸ್ಪಷ್ಟವಾಯಿತು. ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು 2019ರ ಡಿಸೆಂಬರ್ 6ರಂದು ಪೊಲೀಸರ ಗುಂಡಿಗೆ ಸತ್ತಿದ್ದರು. ಆಗ ಸೈಬರಾಬಾದ್ ಪೊಲೀಸ್ ಆಯುಕ್ತರಾಗಿದ್ದ ಹುಬ್ಬಳ್ಳಿ ಮೂಲದ ವಿ.ಸಿ. ಸಜ್ಜನರ್ ಅವರನ್ನು ಕರ್ನಾಟಕ ಮನೆಮಗನೆಂದು ಹೊಗಳಿತು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್‌ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು. ಪೊಲೀಸರ ಕಥನ ನಂಬುವಂತಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂಬುದು ಆಯೋಗದ ನಿರ್ಣಯ.

ಎನ್‌ಕೌಂಟರ್ ನಡೆದಾಗಲೆಲ್ಲ ಕೊಡುವ ಸಮರ್ಥನೆ ಆತ್ಮರಕ್ಷಣೆಯದೇ: ಆರೋಪಿ ಆಯುಧ ಕಸಿದ, ಕಲ್ಲೆಸೆದ, ಓಡಿದ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತಾಗಲೂ ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದನೆಂಬ ವಿವರಣೆ ಬಂತು. ಜನ ಜಯಕಾರ ಹಾಕಿದರು. ಆತನ ಬಂಧುಗಳ ಹುಡುಕಾಟ ನಡೆದದ್ದು ಆತ ಸತ್ತ ಮೇಲೆ. ಆ ಮಗುವಿನ ಮನೆಯವರ ಸಂಕಟದ ಮುಂದೆ ಯಾರ ತರ್ಕವೂ ಸಣ್ಣದಾಗಿ ಕಾಣುತ್ತದೆಂಬುದನ್ನು ನಾನು ಬಲ್ಲೆ. ಜಯಕಾರ ಹಾಕಿದವರು ಕ್ರೂರಿಗಳಲ್ಲ, ನ್ಯಾಯಾಲಯದ ಕಾಲಕ್ಕೆ ಬೇಸತ್ತವರು.

ಆ ಬೇಸರಕ್ಕೆ ಕಾರಣವಿದೆ, ಅದರ ಕಥೆ ಮೈಸೂರಿನಲ್ಲೇ ಇದೆ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಹಾದಿಯ ಪಾಲಾರಿನ ಬಳಿ ಕಾಡುಗಳ್ಳ ವೀರಪ್ಪನ್‌ನ ತಂಡ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದಿತು. ವಿಚಾರಣೆ ನಡೆದದ್ದು ಭಯೋತ್ಪಾದನೆ ವಿರುದ್ಧದ ಟಾಡಾ ಕಾಯ್ದೆಯಡಿ ಮೈಸೂರಿನಲ್ಲಿದ್ದ ವಿಶೇಷ ನ್ಯಾಯಾಲಯದಲ್ಲಿ. ನೂರಕ್ಕೂ ಹೆಚ್ಚು ಮಂದಿ ಆರೋಪಿಗಳಾದರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು, ಕೆಲವರಿಗೆ ಮಾತ್ರ ಜೀವಾವಧಿ ಶಿಕ್ಷೆಯಾಯಿತು. ನಾಲ್ವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರೆ, 2004ರ ಜನವರಿಯಲ್ಲಿ ಅದು ತಾನಾಗಿಯೇ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕಾದು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು, ಆ ವಿಳಂಬವೇ ಅಮಾನುಷವೆಂದು ಹೇಳಿ, ಅದೇ ನ್ಯಾಯಾಲಯ ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಸತ್ತವರ ಮನೆಯವರಿಗೆ ಈ ಸುಮಾರು ಇಪ್ಪತ್ತೊಂದು ವರ್ಷದಲ್ಲಿ ನಿರ್ಣಯವೊಂದು ಸಿಕ್ಕಿತೆಂದು ಯಾರು ಹೇಳಬಲ್ಲರು? ಖುಲಾಸೆಯಾದವರು ಕಳೆದುಕೊಂಡ ವರ್ಷಗಳನ್ನು ಯಾರು ಹಿಂತಿರುಗಿಸಬಲ್ಲರು? ಪಾಲಾರಿನ ಮರುದಿನವೇ ‘ಸಿಕ್ಕವರನ್ನೆಲ್ಲ ಮುಗಿಸಿ’ ಎಂಬ ಮಾತು ನಡೆದಿದ್ದರೆ ಸಾಯುತ್ತಿದ್ದವರಲ್ಲಿ ಹೆಚ್ಚಿನವರು ನ್ಯಾಯಾಲಯದ ಕಣ್ಣಿನಲ್ಲಿ ನಿರ್ದೋಷಿಗಳು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ನನ್ನ ಬಳಿ ಇಲ್ಲ.

ಗಲ್ಲು ಮತ್ತು ಬಿಡುಗಡೆಯ ನಡುವೆ ಒಂದು ದಾರಿಯನ್ನು ತೋರಿಸಿಕೊಟ್ಟದ್ದೂ ಮೈಸೂರಿನ ನಂಟಿರುವ ಪ್ರಕರಣವೇ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಬೆಂಗಳೂರಿನ ತನ್ನ ಮನೆಯಲ್ಲೇ ಕೊಲೆಯಾದರು. ಕೊಂದವನು ಗಂಡ, ಸ್ವಾಮಿ ಶ್ರದ್ಧಾನಂದ. ದೇಹವನ್ನು ಮನೆಯ ಆವರಣದಲ್ಲೇ ಹೂತಿದ್ದು 1994ರಲ್ಲಿ ಬೆಳಕಿಗೆ ಬಂತು. 2008ರ ಜುಲೈ 22ರಂದು ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯ ಬದಲು, ಸಾಯುವವರೆಗೆ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು. ಜೀವಾವಧಿ ಶಿಕ್ಷೆಯವನು ಹದಿನಾಲ್ಕು ವರ್ಷಕ್ಕೆ ಹೊರಬರುತ್ತಾನೆಂಬ ಜನರ ಅಂಜಿಕೆಗೆ ಇದು ನೇರ ಉತ್ತರ. ಈ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ. ಹಿಂಸೆ ಪ್ರತಿಸಲವೂ ಹೊಸ್ತಿಲು ದಾಟಿ ಹೊರಗಿನಿಂದ ಬರುವುದಿಲ್ಲ. ಒಳಗೇ ಇರುವ ಕೈಗೂ ಮನೆಯ ಪಿಸ್ತೂಲು ಎಟುಕುತ್ತದೆ.

ಬಾಗಿಲಿಲ್ಲದವರು

2025ರ ಅಕ್ಟೋಬರಿನಲ್ಲಿ, ದಸರಾ ಮುಗಿದ ಬೆನ್ನಿಗೆ, ಬಲೂನು ಮಾರಲು ಕಲಬುರಗಿ ಕಡೆಯಿಂದ ಬಂದಿದ್ದ ಕುಟುಂಬವೊಂದರ ಬಾಲಕಿಯ ಅತ್ಯಾಚಾರ ಮತ್ತು ಕೊಲೆ ದಸರಾ ವಸ್ತುಪ್ರದರ್ಶನ ಮೈದಾನದ ಆಸುಪಾಸಿನಲ್ಲಿ ನಡೆಯಿತು. ಕುಟುಂಬ ಮಲಗಿದ್ದದ್ದು ಟೆಂಟಿನಲ್ಲಿ. ಆರೋಪಿಯನ್ನು ಕೊಳ್ಳೇಗಾಲದಲ್ಲಿ ಹಿಡಿಯಲಾಯಿತು, ಪೊಲೀಸರ ಗುಂಡು ಆತನ ಕಾಲಿಗೆ ತಾಗಿತು. ಗಲ್ಲಿಗೇರಿಸಿ ಎಂಬ ಕೂಗು ಮತ್ತೆ ಎದ್ದಿತು.

41ನೆಯ ಕಲಮು ಈ ಕುಟುಂಬಕ್ಕೆ ಏನನ್ನು ಕೊಟ್ಟಿತು ಎಂದು ಕೇಳಿಕೊಂಡರೆ ನಮ್ಮ ಚರ್ಚೆಯ ಕೊರತೆ ಕಾಣುತ್ತದೆ. ಕಾಗದದ ಮೇಲೆ ಕಾನೂನು ವಾಸದ ಟೆಂಟನ್ನೂ ಮನೆಯೆಂದೇ ಎಣಿಸುತ್ತದೆ. ಆದರೆ ಬಂದವನನ್ನು ತಡೆಯಲು ಗೋಡೆ ಬೇಕು, ಹೊಸ್ತಿಲು ಬೇಕು. ಪಿಸ್ತೂಲಿನ ಪರವಾನಗಿಗೆ ವಿಳಾಸ ಬೇಕು. ಆ ಟೆಂಟಿಗೆ ಇವು ಯಾವುವೂ ಇರಲಿಲ್ಲ. ಆರೋಪಿಯ ಕಾಲಿಗೆ ತಾಗಿದ ಗುಂಡಿನಿಂದಾಗಲಿ, ಮುಂದೆಂದೋ ಬರಬಹುದಾದ ಗಲ್ಲಿನಿಂದಾಗಲಿ, ಮುಂದಿನ ದಸರಾದಲ್ಲಿ ಅದೇ ಮೈದಾನದ ಅಂಚಿನಲ್ಲಿ ಮಲಗುವ ಇನ್ನೊಂದು ಮಗುವಿಗೆ ಬಾಗಿಲು ಬರುವುದಿಲ್ಲ.

ದಸರಾದ ಹತ್ತು ದಿನಗಳ ವ್ಯವಸ್ಥೆಗೆ ಸಭೆಗಳು ತಿಂಗಳ ಮೊದಲೇ ಶುರುವಾಗುತ್ತವೆ. ಆನೆಗಳಿಗೆ, ಮಾವುತ ಕಾವಾಡಿಗರ ಕುಟುಂಬಗಳಿಗೆ ಅರಮನೆಯ ಆವರಣದಲ್ಲಿ ಬಿಡಾರ ಸಿದ್ಧವಾಗುತ್ತದೆ. ಬಲೂನು, ಪೀಪಿ, ಬೊಂಬೆ ಮಾರಲು ದೂರದೂರದಿಂದ ಬರುವ ಕುಟುಂಬಗಳಿಗೂ ದೀಪ, ಶೌಚಾಲಯ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕವಿರುವ ಕೋಣೆ, ರಾತ್ರಿ ಗಸ್ತು ಇರುವ ತಂಗುದಾಣವೊಂದನ್ನು ಮುಂದಿನ ದಸರೆಗೆ ಮೊದಲು ಸಿದ್ಧಪಡಿಸಬೇಕೆಂದು ಜಿಲ್ಲಾಡಳಿತವನ್ನೂ ದಸರಾ ಸಮಿತಿಯನ್ನೂ ಈ ಲೇಖನದ ಮೂಲಕ ಕೇಳಿಕೊಳ್ಳುತ್ತೇನೆ.