ಸ್ಪೇನಿನ ಪಾದ್ರಿ, ಖಾನಾಪುರದ ಹಲಸಿ

ಉದ್ಯಮಬಾಗದಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ, ಖಾನಾಪುರ ದಾಟಿ ನಂದಗಡದ ಕಡೆ ಹಲಸಿ ಅಂತ ಒಂದು ಊರಿದೆ. ಭೂವರಾಹ ನರಸಿಂಹ ದೇವಸ್ಥಾನ ನೋಡಿ, ಫೋಟೋ ತೆಗೆದು ವಾಪಸ್ ಬರುವವರೇ ಹೆಚ್ಚು. ಆದರೆ ಈ ಊರು ಒಂದು ಕಾಲಕ್ಕೆ ‘ಪಲಾಶಿಕಾ’, ಕದಂಬರ ಇನ್ನೊಂದು ರಾಜಧಾನಿ. ಕಾಕುಸ್ಥವರ್ಮ ಇನ್ನೂ ಯುವರಾಜನಾಗಿದ್ದಾಗ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ ತಾಮ್ರಪಟ ಸಿಕ್ಕಿದ್ದು ಇಲ್ಲೇ. ಅದನ್ನು ಓದಿ ಅಚ್ಚು ಹಾಕಿಸಿದವರು ಫ್ಲೀಟ್ ಸಾಹೇಬರು. ಅದು ಹತ್ತೊಂಬತ್ತನೇ ಶತಮಾನದ ಮಾತು.

ಇಂಥ ಬಿಡಿ ಶಾಸನಗಳನ್ನೆಲ್ಲ ಪೋಣಿಸಿ ಕದಂಬರ ಪೂರ್ತಿ ಕಥೆ ಬರೆದ ಪುಸ್ತಕ ‘ಕದಂಬ ಕುಲ’. ಬಂದದ್ದು 1931ರಲ್ಲಿ, ಮುಂಬೈಯಿಂದ, ಇಂಗ್ಲಿಷಿನಲ್ಲಿ. ಬರೆದವರು ಜಾರ್ಜ್ ಮೊರಾಯೆಸ್. ಅವರ ಗುರು ಹೆನ್ರಿ ಹೆರಾಸ್ ಅನ್ನೋ ಸ್ಪೇನಿನ ಪಾದ್ರಿ. ನಾನು ಹೇಳಹೊರಟಿದ್ದು ಈ ಮೇಷ್ಟ್ರ ಬಗ್ಗೆ.

ಹೆರಾಸ್ ಹುಟ್ಟಿದ್ದು 1888ರಲ್ಲಿ, ಬಾರ್ಸಿಲೋನಾದಲ್ಲಿ. ಯೇಸುಸಭೆಯ ಪಾದ್ರಿಯಾಗಿ 1922ರಲ್ಲಿ ಮುಂಬೈಗೆ ಬಂದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಯಾವ ಇತಿಹಾಸ ಕಲಿಸ್ತೀರಿ ಅಂತ ಪ್ರಿನ್ಸಿಪಾಲರು ಕೇಳಿದಾಗ, ಭಾರತದ್ದು ಅಂದರಂತೆ. ನಿಮಗೆ ಅದು ಗೊತ್ತಾ ಅಂದರೆ, ಇಲ್ಲ, ಓದಿಕೊಳ್ತೀನಿ ಅಂದರಂತೆ! ಕಥೆಯಲ್ಲಿ ಉಪ್ಪು ಖಾರ ಎಷ್ಟಿದೆಯೋ, ಆದರೆ ಓದಿಕೊಂಡಿದ್ದಂತೂ ನಿಜ. 1926ರಲ್ಲಿ ಸಂಶೋಧನಾ ಸಂಸ್ಥೆಯನ್ನೇ ಕಟ್ಟಿದರು. 1927ರಲ್ಲಿ ವಿಜಯನಗರದ ಅರವೀಡು ವಂಶದ ಮೇಲೆ ದಪ್ಪ ಪುಸ್ತಕ, 1929ರಲ್ಲಿ ವಿಜಯನಗರದ ಹುಟ್ಟಿನ ಮೇಲೆ ಇನ್ನೊಂದು.

ಆ ಎರಡನೇ ಪುಸ್ತಕ ದೊಡ್ಡ ಜಗಳವನ್ನೇ ತಂತು. ವಿಜಯನಗರ ಪಟ್ಟಣ ಕಟ್ಟಿದ್ದು ಹೊಯ್ಸಳ ಮೂರನೇ ವೀರಬಲ್ಲಾಳ, ವಿದ್ಯಾರಣ್ಯರ ಕಥೆ ಆಮೇಲೆ ಸೇರಿಸಿದ್ದು ಅಂತ ಅವರ ವಾದ. ಕನ್ನಡಿಗರ ಪರ ಅನ್ನಿಸೋ ಮಾತು, ಜೊತೆಗೇ ನಮಗೆ ಪ್ರಿಯವಾದ ಕಥೆಗೇ ಕೊಡಲಿ ಏಟು! ಎಲ್ಲರೂ ಒಪ್ಪಲಿಲ್ಲ, ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಶಾಸನ ತೋರಿಸಿ ಅಂತ ಎಲ್ಲರನ್ನೂ ಕೇಳೋ ಹಾಗೆ ಮಾಡಿದ್ದು ಸಣ್ಣದೇನಲ್ಲ.

ಸಿಂಧೂ ಲಿಪಿಯನ್ನೂ ಓದಿಬಿಟ್ಟೆ ಅಂದುಕೊಂಡರು. 1953ರಲ್ಲಿ ಅದರ ಮೇಲೂ ಭಾರೀ ಗ್ರಂಥ ತಂದರು. ಅವರ ಓದನ್ನು ವಿದ್ವಾಂಸರು ಒಪ್ಪಲಿಲ್ಲ. ಆದರೂ ಒಂದು ಹೊಳಹು ಉಳಿಯಿತು: ಮುದ್ರೆಯ ಮೀನಿನ ಚಿತ್ರ ‘ಮೀನ್’ ಅನ್ನೋ ದ್ರಾವಿಡ ಪದ, ಅದಕ್ಕೆ ನಕ್ಷತ್ರ ಅಂತಲೂ ಅರ್ಥವಿದೆ ಅನ್ನೋದು. ಮುಂದೆ ಫಿನ್ಲೆಂಡಿನ ಆಸ್ಕೋ ಪಾರ್ಪೋಲಾ ಬೆಳೆಸಿದ್ದು ಇದೇ ಎಳೆಯನ್ನ.

ಹೊರಗಿನ ಪಾದ್ರಿ ಬಂದು ನಮ್ಮ ಚರಿತ್ರೆ ನಮಗೇ ಪಾಠ ಹೇಳೋದಾ ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕಾಂಗೋದಲ್ಲಿದ್ದ ಬೆಲ್ಜಿಯಂ ಪಾದ್ರಿ ಪ್ಲಾಸೀಡ್ ಟೆಂಪೆಲ್ಸ್ 1945ರಲ್ಲಿ ‘ಬಂಟು ತತ್ವಶಾಸ್ತ್ರ’ ಬರೆದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಬೆನಿನ್ ದೇಶದ ಪೌಲಿನ್ ಹುಂಟೊಂಜಿ ಅಂಥವರು, ಅದು ಯುರೋಪಿನವರಿಗಾಗಿ ಬರೆದದ್ದು, ಆಫ್ರಿಕಾದವರು ಅಲ್ಲಿ ಬರೀ ಚರ್ಚೆಯ ವಸ್ತು ಅಂತ ಖಾರವಾಗೇ ಟೀಕಿಸಿದರು.

ಹೆರಾಸ್ ವಿಷಯದಲ್ಲಿ ಉತ್ತರ ಅವರ ಪುಸ್ತಕಗಳಲ್ಲಿಲ್ಲ, ಅವರ ಶಿಷ್ಯರಲ್ಲಿದೆ ಅಂತ ನನಗನ್ನಿಸುತ್ತೆ. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟೋಕೆ 1949 ಬರಬೇಕಿತ್ತು. ಅಂಥ ಹೊತ್ತಲ್ಲಿ ಮುಂಬೈಯ ಶಿಷ್ಯನೊಬ್ಬ ಕದಂಬರ ಮೇಲೆ ಬರೆದು, ಆ ಪುಸ್ತಕಕ್ಕೆ ‘ಪ್ರಾಚೀನ ಮತ್ತು ಮಧ್ಯಯುಗೀನ ಕರ್ನಾಟಕದ ಇತಿಹಾಸ’ ಅನ್ನೋ ಅರ್ಥದ ಉಪಶೀರ್ಷಿಕೆ ಕೊಟ್ಟ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ, ಅಂದರೆ 42 ವರ್ಷ ಆದಮೇಲೆ!

ನಮ್ಮ ಬೆಳಗಾವಿಯಲ್ಲಿ ಬೋರ್ಡು ಯಾವ ಭಾಷೇಲಿರಬೇಕು ಅನ್ನೋದಕ್ಕೆ ಬಸ್ಸಿಗೆ ಕಲ್ಲು ಬಿದ್ದದ್ದಿದೆ. ಈ ಊರು ಯಾರದ್ದು ಅಂತ ಕೂಗೋಕೆ ಎರಡೂ ಕಡೆ ಜನ ಇದ್ದಾರೆ. ಹಲಸಿಯ ತಾಮ್ರಪಟ ನೋಡಿದರೆ ಅದು ಸಂಸ್ಕೃತದಲ್ಲಿದೆ, ಕೊಟ್ಟವನು ಬನವಾಸಿ ವಂಶದವನು, ಪಡೆದವನು ಜೈನ. ಆ ಚರಿತ್ರೆ ಬರೆದವರು ಕ್ರೈಸ್ತರು. ಇದರಲ್ಲಿ ಯಾರನ್ನ ಹೊರಗಿಡ್ತೀರಿ ಹೇಳಿ? ಗೊತ್ತಿಲ್ಲ, ಓದಿಕೊಳ್ತೀನಿ ಅನ್ನೋ ಆ ಪಾದ್ರಿಯ ಮಾತು ಎರಡೂ ಕಡೆಯವರಿಗೂ ಬೇಕು ಅನ್ಸುತ್ತೆ.

ಹೆರಾಸ್ 1955ರ ಡಿಸೆಂಬರ್ 14ರಂದು ಮುಂಬೈಯಲ್ಲೇ ತೀರಿಕೊಂಡರು. ಅವರ ಸಂಸ್ಥೆಗೆ ಅವರದೇ ಹೆಸರಿಟ್ಟರು. 1981ರಲ್ಲಿ ಅಂಚೆಚೀಟಿಯೂ ಬಂತು. ಮುಂದಿನ ಸಲ ಹಲಸಿಗೆ ಹೋದಾಗ ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಒಂದು ಹತ್ತು ನಿಮಿಷ ಆ ಶಾಸನಗಳ ಬಗ್ಗೆ ಯೋಚನೆ ಮಾಡಿ. ನಿಮ್ಮೂರಿನ ಚರಿತ್ರೆ ಬರೆದ ಇಂಥ ಹೊರಗಿನವರು ಯಾರಾದರೂ ಇದ್ದರೆ ನನಗೂ ತಿಳಿಸಿ.