ಮಂಗಳೂರು ಬಂದರಿಗೆ ಇಳಿದವರು ನೋಡಿದ ನಾಡು

ಪ್ರವಾಸಿ ಹಡಗು ಬಂದರಿನಲ್ಲಿ ತಂಗಿರುವ ಕೆಲವು ಗಂಟೆಗಳಲ್ಲಿ ಪ್ರಯಾಣಿಕರು ದಡಕ್ಕಿಳಿದು ಸುತ್ತಲಿನ ಊರುಗಳನ್ನು ನೋಡಿ, ಹಡಗು ಹೊರಡುವುದರೊಳಗೆ ಮರಳಿ ಬರುವ ಕ್ರಮವನ್ನು ಪ್ರವಾಸೋದ್ಯಮದಲ್ಲಿ ಶೋರ್ ಎಕ್ಸ್‌ಕರ್ಷನ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ದಡದ ಸಂಚಾರ ಎನ್ನಬಹುದು. ಈ ಹೆಸರು ಹೊಸದಾದರೂ ಇದರ ಹಿಂದಿರುವ ಪ್ರಶ್ನೆ ಬಂದರುಗಳಷ್ಟೇ ಹಳೆಯದು: ಕಡಲಿನಿಂದ ಬಂದವನು ಅಲ್ಪಾವಧಿಯಲ್ಲಿ ಏನನ್ನು ನೋಡಬೇಕು, ಅದನ್ನು ಅವನಿಗೆ ಯಾರು ತೋರಿಸಬೇಕು, ಯಾವ ಕರಾರಿನ ಮೇಲೆ ತೋರಿಸಬೇಕು? ಮಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಸುಮಾರು ಒಂಬತ್ತು ಶತಮಾನಗಳ ಉತ್ತರಗಳು ಉಳಿದುಬಂದಿವೆ. ಅವುಗಳನ್ನು ಕ್ರಮವಾಗಿ ಇಟ್ಟು ನೋಡಿದರೆ, ಬಂದವರು ಬಿಟ್ಟುಹೋದ ವಿವರಗಳಲ್ಲಿ ಇಂದಿಗೂ ಜೀವಂತವಾಗಿರುವವು ಸ್ಥಳೀಯರ ಒಪ್ಪಿಗೆಯಿಂದ ಒಳನಾಡಿಗೆ ಹೋಗಿ ಅಲ್ಲಿನ ದುಡಿಮೆಯನ್ನು ಹತ್ತಿರದಿಂದ ಕಂಡವರ ಬರಹಗಳೇ ಎಂಬುದು ಸ್ಪಷ್ಟವಾಗುತ್ತದೆ.

ಹಳೆಯ ಮಂಗಳೂರು ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದಾಗಿ ಕಡಲು ಸೇರುವಲ್ಲಿ ಬೆಳೆದದ್ದು. ನದಿ ಕಡಲನ್ನು ಸೇರುವ ಬಾಯಿಯನ್ನು ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಅಳಿವೆಯಲ್ಲಿ ಮರಳು ಸದಾ ಸರಿಯುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕಿ ನಿಲ್ಲಬೇಕಾಗುತ್ತಿತ್ತು. ಸರಕನ್ನೂ ಜನರನ್ನೂ ದೋಣಿಗಳಲ್ಲಿ ದಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ತರುವುದೇ ವಾಡಿಕೆಯಾಗಿತ್ತು. ಮುಂಗಾರು ಹಿಡಿದ ಮೇಲೆ ತಿಂಗಳುಗಟ್ಟಲೆ ಈ ಸಂಚಾರವೂ ನಿಂತುಹೋಗುತ್ತಿತ್ತು. ಹೀಗಾಗಿ ಇಲ್ಲಿಗೆ ಬಂದವರಿಗೆ ದಡಕ್ಕಿಳಿಯುವುದೇ ಒಂದು ನಿರ್ಧಾರವಾಗಿತ್ತು. ಇಳಿದವರು ಎಷ್ಟು ದಿನ ಇರಬೇಕೆಂಬುದನ್ನು ಗಾಳಿ ಮತ್ತು ವ್ಯಾಪಾರ ಎರಡೂ ಸೇರಿ ನಿಶ್ಚಯಿಸುತ್ತಿದ್ದವು.

ದೀರ್ಘಕಾಲ ನಿಂತವರಲ್ಲಿ ಮೊದಲು ಹೆಸರಿಸಬೇಕಾದವನು 12ನೆಯ ಶತಮಾನದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಶಿಯಾದಲ್ಲಿ ಹುಟ್ಟಿ ಏಡನ್ ಮೂಲಕ ಮಲಬಾರಿನ ಕರಾವಳಿಗೆ ಬಂದ ಈತ 1130ರ ದಶಕದಿಂದ 1149ರವರೆಗೆ ಬಹುಪಾಲು ಮಂಗಳೂರಿನಲ್ಲೇ ನೆಲೆಸಿದ್ದನೆಂಬುದು ಕೈರೋ ನಗರದ ಪ್ರಾಚೀನ ಸಿನಗಾಗ್ ಒಂದರಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ದೊರೆತ ಪತ್ರಗಳಿಂದ ತಿಳಿದುಬಂದಿದೆ. ಮೆಣಸು ಮತ್ತು ಅಡಿಕೆಯ ವ್ಯಾಪಾರದ ಜೊತೆಗೆ ಆತ ಕಂಚಿನ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದನು. ಏಡನ್‌ನ ಗೆಳೆಯರು ಕಳುಹಿಸಿದ ಒಡೆದ ಪಾತ್ರೆಗಳು ಮತ್ತು ಲೋಹ ಇಲ್ಲಿ ಕರಗಿ, ಅವರು ಬರೆದು ತಿಳಿಸಿದ ಅಳತೆಯ ಹೊಸ ಪಾತ್ರೆಗಳಾಗಿ ಹಡಗೇರುತ್ತಿದ್ದವು. ಬೆನ್ ಯಿಜು ನೋಡಲೆಂದು ಬಂದವನಲ್ಲ. ಆದರೂ ಈ ಕರಾವಳಿಯ ಕುಶಲ ಕೆಲಸಗಾರರ ಕೈಗೆಲಸ ಕಡಲಾಚೆಯವರಿಗೆ ಅಂದೇ ಪರಿಚಿತವಾಗಿತ್ತು ಎಂಬುದಕ್ಕೆ ಆತನ ಪತ್ರಗಳು ಸಾಕ್ಷಿಯಾಗಿವೆ.

ಅಲ್ಪಾವಧಿಗೆ ದಡಕ್ಕಿಳಿದವರಲ್ಲಿ ಮೊರೊಕ್ಕೋದ ಇಬ್ನ್ ಬತೂತ ಮುಖ್ಯನಾದವನು. 1342ರ ಹೊತ್ತಿಗೆ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾದತ್ತ ಹೊರಟಿದ್ದ ಆತ, ಪರ್ಷಿಯಾದ ಫಾರ್ಸ್ ಪ್ರಾಂತದ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಹೆಚ್ಚಾಗಿ ಇಳಿಯುವ, ಮೆಣಸು ಶುಂಠಿಗಳು ಹೇರಳವಾಗಿ ಸಿಗುವ ದೊಡ್ಡ ಪಟ್ಟಣವೆಂದು ಮಂಗಳೂರನ್ನು ವರ್ಣಿಸಿದ್ದಾನೆ. ಸುಮಾರು 4,000 ಮುಸ್ಲಿಮರು ಊರಿನ ಪಕ್ಕದಲ್ಲೇ ವಾಸಿಸುತ್ತಿದ್ದರೆಂದೂ ಅವರಿಗೂ ಊರವರಿಗೂ ಜಗಳವಾದಾಗ ವರ್ತಕರ ಅಗತ್ಯವನ್ನು ಬಲ್ಲ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದನೆಂದೂ ಬರೆದಿದ್ದಾನೆ. ಊರಿನ ಖಾಜಿ, ಅಂದರೆ ಮುಸ್ಲಿಮರ ನ್ಯಾಯಾಧಿಕಾರಿ, ಹಡಗಿಗೆ ಬಂದು ದಡಕ್ಕಿಳಿಯುವಂತೆ ಕೇಳಿಕೊಂಡಾಗ, ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಹೊರತು ಇಳಿಯುವುದಿಲ್ಲವೆಂದು ಪ್ರಯಾಣಿಕರು ಹಟ ಹಿಡಿದರು. ಕೊನೆಗೆ ರಾಜಕುಮಾರ ಹಡಗಿಗೆ ಬಂದ ಮೇಲೆಯೇ ಅವರು ಇಳಿದು ಮೂರು ದಿನ ಊರಿನ ಆತಿಥ್ಯ ಪಡೆದರು. ಆ ಕಾಲದಲ್ಲಿ ದಡದ ಸಂಚಾರವು ಎರಡು ಪಕ್ಷಗಳ ನಡುವಿನ ಒಪ್ಪಂದವಾಗಿತ್ತು. ಅಪರಿಚಿತರ ಭಯ ಬಂದವರಿಗೂ ಇತ್ತು, ಬರಮಾಡಿಕೊಳ್ಳುವವರಿಗೂ ಇತ್ತು. ಅದನ್ನು ನೀಗಿಸುವ ಹೊಣೆಯನ್ನು ಊರು ಹೊತ್ತುಕೊಂಡಿತು.

ಒಂದು ಶತಮಾನದ ತರುವಾಯ, 1443ರಲ್ಲಿ, ಹೆರಾತ್‌ನ ತೈಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು ವಿಜಯನಗರದತ್ತ ನೆಲದ ದಾರಿ ಹಿಡಿದನು. ಮಂಗಳೂರನ್ನು ವಿಜಯನಗರ ರಾಜ್ಯದ ಗಡಿಯೆಂದು ಗುರುತಿಸಿದ ಆತ, ಅಲ್ಲಿಂದ ಕೆಲವು ಹರದಾರಿ ಒಳಗೆ ಕಂಡ ಎರಕದ ಕಂಚಿನ ದೇವಾಲಯವನ್ನೂ ಅದರೊಳಗಿನ ಮೂರ್ತಿಯ ಕಣ್ಣುಗಳಲ್ಲಿ ಕೂರಿಸಿದ್ದ ಕೆಂಪು ಹರಳುಗಳನ್ನೂ ಬೆರಗಿನಿಂದ ವರ್ಣಿಸಿದ್ದಾನೆ. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ, ಆಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿದವರಿಗೆ, ಈ ನಾಡಿನ ಎರಕದ ಕಲೆ ಪರದೇಶದ ರಾಯಭಾರಿಯನ್ನು ತಡೆದು ನಿಲ್ಲಿಸಿದ್ದರಲ್ಲಿ ಆಶ್ಚರ್ಯವೆನಿಸದು.

ಇವರೆಲ್ಲರಿಗಿಂತ ಸೂಕ್ಷ್ಮವಾಗಿ ನೋಡಿದವನು ರೋಮ್ ನಗರದ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡ ಆತ ವರ್ಷದ ಕೊನೆಗೆ ಮಂಗಳೂರಿಗೆ ಇಳಿದು ಬಂದನು. ವ್ಯಾಪಾರವಾಗಲಿ ಮತಪ್ರಚಾರವಾಗಲಿ ಆತನ ಉದ್ದೇಶವಾಗಿರಲಿಲ್ಲ. ನೋಡುವುದಕ್ಕಾಗಿಯೇ ನೋಡಲು ಬಂದವನಾದ್ದರಿಂದ ಇಂದಿನ ಅರ್ಥದಲ್ಲಿ ಈ ಕರಾವಳಿಯ ಮೊದಲ ಪ್ರವಾಸಿಗಳಲ್ಲಿ ಆತನನ್ನು ಎಣಿಸಬಹುದು. ಘಟ್ಟದ ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯ ಮೇಲೆ ಕುಳಿತ ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕಿಗಳನ್ನು ಬರೆದು, ಮರಳು ತುಂಬಿದಾಗ ಅಳಿಸಿ, ಮತ್ತೆ ಬರೆಯುತ್ತಿದ್ದುದನ್ನು ಆತ ನಿಂತು ನೋಡಿ ದಾಖಲಿಸಿದ್ದಾನೆ. ಮರಳಿನ ಮೇಲೆ ಕಲಿಯುವ ನಮ್ಮ ಹಳೆಯ ಪದ್ಧತಿಗೆ ಇಷ್ಟು ಖಚಿತವಾದ ಪ್ರತ್ಯಕ್ಷ ವರ್ಣನೆ ಅಪರೂಪ.

ಮಂಗಳೂರಿನಲ್ಲಿದ್ದ ದಿನಗಳಲ್ಲಿ ಅವನು ಪೋರ್ಚುಗೀಸರ ಕೋಟೆಯ ಆಶ್ರಯದಲ್ಲೇ ಉಳಿಯದೆ ಎರಡು ಕಡೆಗೆ ಹೊರಟನು. ಒಂದು, ನಾಥಪಂಥದ ಜೋಗಿಗಳ ಮಠವಿದ್ದ ಕದ್ರಿ. ಜೋಗಿಗಳ ಅರಸನೆಂಬ ಕೀರ್ತಿಯನ್ನು ಕೇಳಿ ಹೋದ ಆತನಿಗೆ ಅಲ್ಲಿ ಕಂಡವನು ಸಾಮಾನ್ಯ ರೈತನಂತೆ ತನ್ನ ಕೆಲಸದಲ್ಲಿ ತೊಡಗಿದ್ದ, ಬಿಳಿಯ ಉದ್ದ ಗಡ್ಡದ ಗಟ್ಟಿಮುಟ್ಟಾದ ಮುದುಕ. ಇನ್ನೊಂದು, ಚೌಟ ಮನೆತನದ ಅಬ್ಬಕ್ಕ ಎಂದು ಆತ ಹೆಸರಿಸುವ ಉಳ್ಳಾಲದ ರಾಣಿ ಆಗ ತಂಗಿದ್ದ ಮಣೇಲ್. ಅರಮನೆಗೆ ಹೋಗಿ ದರ್ಶನ ಬೇಡಬೇಕೆಂದಿದ್ದ ಆತನಿಗೆ ರಾಣಿ ದಾರಿಯಲ್ಲೇ ಎದುರಾದಳು. ಬಿಳಿಯ ದಪ್ಪ ಹತ್ತಿಯ ಬಟ್ಟೆಯುಟ್ಟು, ಬರಿಗಾಲಿನಲ್ಲಿ ನಡೆಯುತ್ತ, ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸಕ್ಕಾಗಿ ಹೊರಗೆ ಬಂದಿದ್ದಳು. ಆಕೆಯ ವೇಷವನ್ನು ಕುರಿತು ಯುರೋಪಿನವನ ಅಹಂಕಾರದ ಮಾತುಗಳನ್ನು ಆತ ಬರೆದಿರುವುದು ನಿಜ, ಮಾತಿಗೆ ತೊಡಗಿದಾಗ ಆಕೆಯ ದನಿಯಲ್ಲಿ ಅರಸುತನ ಕಂಡುಬಂತೆಂದು ಒಪ್ಪಿಕೊಂಡಿರುವುದೂ ನಿಜ. ತುಳುನಾಡಿನ ಒಬ್ಬ ಆಳುವ ಹೆಣ್ಣು ದರ್ಬಾರಿನ ಆಡಂಬರವಿಲ್ಲದೆ, ನೀರಾವರಿಯ ಕೆಲಸವನ್ನು ಖುದ್ದಾಗಿ ನೋಡಿಕೊಳ್ಳುತ್ತಿದ್ದಳೆಂಬ ಅಮೂಲ್ಯ ಸಂಗತಿ ಇತಿಹಾಸಕ್ಕೆ ದಕ್ಕಿದ್ದು ಈ ಒಂದು ಸಂಚಾರದಿಂದ.

19ನೆಯ ಶತಮಾನದಲ್ಲಿ ಉಗಿಹಡಗುಗಳು ಬಂದ ಮೇಲೆ ಬಂದರಿನ ಹಿನ್ನಾಡಿನಲ್ಲಿ ಹೊಸ ಉದ್ದಿಮೆಗಳು ಹುಟ್ಟಿದವು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮುದ್ರಣಾಲಯ, ನೇಯ್ಗೆ ಶಾಲೆಗಳನ್ನು ಸ್ಥಾಪಿಸಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನದಿಬಯಲಿನ ಜೇಡಿಮಣ್ಣು, ಸುಡಲು ಕಾಡಿನ ಸೌದೆ, ಸಾಗಿಸಲು ದೋಣಿ, ಈ ಮೂರೂ ಒಂದೇ ಕಡೆ ದೊರೆತುದರಿಂದ ಮಂಗಳೂರು ಹೆಂಚು ಮುಂಬಯಿಯಿಂದ ಪೂರ್ವ ಆಫ್ರಿಕಾದವರೆಗೆ ಮಾಡುಗಳನ್ನು ಹೊದಿಸಿತು. 1868ರಲ್ಲಿ ಸ್ಥಳೀಯರಾದ ಆಲ್ಬುಕರ್ಕ್ ಮನೆತನದವರೂ ಇದೇ ಉದ್ದಿಮೆಗೆ ಇಳಿದರು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ, ಅಂದರೆ ಪ್ರಾರ್ಥನಾಲಯದ, ಗೋಡೆ ಮತ್ತು ಒಳಮಾಡಿಗೆ ಇಟಲಿಯ ಬೆರ್ಗಾಮೊ ಸೀಮೆಯ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ ಬಣ್ಣ ತುಂಬಿದ್ದು ಅದೇ ಶತಮಾನದ ಕೊನೆಯ ವರ್ಷಗಳಲ್ಲಿ. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ದೇವಾಲಯದ ಬಾಗಿಲು ಮುಚ್ಚಿದ್ದ ಜನರಿಗೆ ತಮ್ಮದೇ ದೇವಾಲಯ ದೊರೆಯುವಂತೆ ಮಾಡಿದರು. ಇಂದು ಹಡಗಿನಿಂದ ಇಳಿದವರು ನೋಡುವ ತಾಣಗಳಲ್ಲಿ ಅನೇಕವು ಹೀಗೆ ಈ ಐವತ್ತು ವರ್ಷಗಳ ಸೃಷ್ಟಿಯಾಗಿವೆ.

ನಗರದ ಉತ್ತರಕ್ಕೆ ಪಣಂಬೂರಿನಲ್ಲಿ ಹೂಳೆತ್ತಿ ನಿರ್ಮಿಸಿದ ನವ ಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದ ಬಳಿಕ ದೊಡ್ಡ ಹಡಗುಗಳು ಕಟ್ಟೆಗೇ ಬಂದು ತಾಗುವಂತಾಯಿತು. ಮಳೆಗಾಲ ಕಳೆದು ಮುಂದಿನ ಬೇಸಗೆಯವರೆಗಿನ ತಿಂಗಳುಗಳಲ್ಲಿ ಗೋವೆ ಮತ್ತು ಕೊಚ್ಚಿಗಳ ನಡುವೆ ಸಾಗುವ ಪ್ರವಾಸಿ ಹಡಗುಗಳು ಇಲ್ಲಿ ಒಂದು ಹಗಲು ನಿಲ್ಲುತ್ತವೆ. ಇಬ್ನ್ ಬತೂತನಿಗೆ ದೊರೆತ ಮೂರು ದಿನಗಳು ಈಗ ಎಂಟು ಹತ್ತು ಗಂಟೆಗಳಿಗೆ ಕುಗ್ಗಿರುವುದರಿಂದ, ಬಸ್ಸು ಸಲೀಸಾಗಿ ಹೋಗಿಬರುವ ದೂರವೇ ಆಯ್ಕೆಯನ್ನು ನಿರ್ಧರಿಸುತ್ತದೆ: ನಗರದಲ್ಲಿ ಚಾಪೆಲ್, ಕುದ್ರೋಳಿ, ಮಾರುಕಟ್ಟೆ, ಹೊರಗೆ ಮೂಡುಬಿದಿರೆ ಮತ್ತು ಕಾರ್ಕಳ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ; ಜೈನರ ದೇವಾಲಯವನ್ನು ಬಸದಿ ಎನ್ನುತ್ತಾರೆ.

ಈ ಪರಿಚಿತ ತಾಣಗಳಲ್ಲಿಯೂ ನೋಡುವ ಕ್ರಮವನ್ನು ಬದಲಿಸಿದರೆ ಅಪರೂಪದ ಸಂಗತಿಗಳು ತೆರೆದುಕೊಳ್ಳುತ್ತವೆ. ಬಸದಿಯ ಜಗತಿಯ, ಅಂದರೆ ಕಟ್ಟಡದ ಪೀಠದ, ಕೆತ್ತನೆಗಳಲ್ಲಿ ಆಫ್ರಿಕಾದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಹೋಲುವ ಆಕೃತಿಗಳಿವೆ. ಕಡಲಿನಿಂದ ಇಷ್ಟು ಒಳಗಿರುವ ಜೈನ ವರ್ತಕರ ಊರಿನ ಕಲ್ಲಿನಲ್ಲಿ ದೂರದ ತೀರಗಳ ಪ್ರಾಣಿಗಳು ಮೂಡಿರುವುದು, ಬಂದರಿಗೂ ಹಿನ್ನಾಡಿಗೂ ಇದ್ದ ನಂಟನ್ನು ಯಾವ ಶಾಸನಕ್ಕೂ ಕಡಿಮೆಯಿಲ್ಲದಂತೆ ಸಾರುತ್ತದೆ. ಅಲ್ಲಿಯೇ ಇರುವ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರ ದೇಹಗಳು ಹೆಣೆದುಕೊಂಡು ಆನೆಯ ರೂಪ ತಾಳಿದ ನವನಾರಿ ಕುಂಜರವಿದೆ. ದೆಲ್ಲಾ ವಾಲೆ ದಾರಿಯಲ್ಲಿ ಕಂಡ ರಾಣಿಯ ಮನೆತನದ ಮನೆ ಇದು ಎಂದು ತಿಳಿಸುವವರಿದ್ದರೆ ಬಂದವರ ನೋಟಕ್ಕೆ ಆಳ ಬರುತ್ತದೆ.

ಹಡಗಿನವರ ಸಂಚಾರದಲ್ಲಿ ಇತ್ತೀಚೆಗೆ ಸೇರಿರುವ, ಹಳೆಯ ಪ್ರವಾಸಿಗರ ಪರಂಪರೆಗೆ ನಿಜವಾಗಿ ಹತ್ತಿರವಾದ ತಾಣವೆಂದರೆ ಗೇರುಬೀಜದ ಕಾರ್ಖಾನೆ. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದ ಈ ಮರ ಕರಾವಳಿಯ ಗುಡ್ಡಗಳಲ್ಲಿ ನೆಲೆಯೂರಿ, 20ನೆಯ ಶತಮಾನದಲ್ಲಿ ಮಂಗಳೂರಿನ ಸಾವಿರಾರು ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಒದಗಿಸಿತು. ಬೀಜವನ್ನು ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ತಣಿಸಿದ ಮೇಲೆ ಒಂದೊಂದಾಗಿ ಒಡೆಯಬೇಕು. ಚಿಪ್ಪಿನೊಳಗಿನ ಎಣ್ಣೆ ಚರ್ಮವನ್ನು ಸುಡುವುದರಿಂದ ಕೆಲಸಗಾರರು ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಳ್ಳುವ ರೂಢಿ ಬೆಳೆದುಬಂತು. ತಿರುಳನ್ನು ಬೋರ್ಮಾ ಎಂದು ಕರೆಯುವ ಒಣಗಿಸುವ ಗೂಡಿನಲ್ಲಿಟ್ಟು ತೆಗೆದರೆ ಕೆಂಪು ಹೊಟ್ಟು ಸಡಿಲವಾಗುತ್ತದೆ. ತಿರುಳು ಮುರಿಯದಂತೆ ಅದನ್ನು ಬಿಡಿಸುವುದು ಬೆರಳಿನ ಹದಕ್ಕೆ ಸೇರಿದ್ದು, ಏಕೆಂದರೆ ಇಡೀ ಬೀಜಕ್ಕೂ ತುಂಡಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ವಿಂಗಡಿಸಿದ ಬೀಜಕ್ಕೆ ಕೊಡುವ ಡಬ್ಲ್ಯು 320 ಎಂಬ ಗುರುತು, ಒಂದು ಪೌಂಡ್ ತೂಕಕ್ಕೆ 300ರಿಂದ 320 ಇಡೀ ಬೀಜಗಳು ತೂಗುತ್ತವೆ ಎಂಬುದನ್ನು ಸೂಚಿಸುತ್ತದೆ. ಇಂದು ಇಲ್ಲಿ ಒಡೆಯುವ ಹಸಿಬೀಜದ ದೊಡ್ಡ ಪಾಲು ಆಫ್ರಿಕಾದ ದೇಶಗಳಿಂದ ಹಡಗಿನಲ್ಲೇ ಬರುವುದರಿಂದ, ಪ್ರವಾಸಿಗರನ್ನು ಇಳಿಸುವ ಕಡಲು ಈ ಹೆಂಗಸರ ಕೈಗೆ ಕೆಲಸವನ್ನೂ ತಂದಿಳಿಸುತ್ತದೆ.

ಇದೇ ಬಗೆಯ ಇನ್ನೂ ಎರಡು ದುಡಿಮೆಗಳು ಬಂದರಿಗೆ ಸಮೀಪದಲ್ಲೇ ಇವೆ. ಸೌದೆಯ ಕೊರತೆ, ಮಣ್ಣಿನ ಅಭಾವ ಮತ್ತು ಕಾಂಕ್ರೀಟ್ ತಾರಸಿಗಳ ಪೈಪೋಟಿಯಿಂದ ಒಂದೊಂದಾಗಿ ಮುಚ್ಚುತ್ತಿರುವ ಹೆಂಚಿನ ಕಾರ್ಖಾನೆಗಳು ಮೊದಲನೆಯದು. ಕಿನ್ನಿಗೋಳಿಯ ಸಮೀಪ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ, ಕೈಬಿಟ್ಟೇಹೋಗುತ್ತಿದ್ದ ಉಡುಪಿ ಸೀರೆಯ ನೇಯ್ಗೆಯನ್ನು ಮತ್ತೆ ಎತ್ತಿಹಿಡಿದಿರುವ ಮಗ್ಗಗಳು ಎರಡನೆಯದು. ಮಿಷನ್ ಕಾಲದಿಂದ ಬೆಳೆದುಬಂದ ಈ ಕಸುಬುಗಳಿಗೆ ಹಡಗಿನಿಂದ ಬಂದ ಗಿರಾಕಿ ನೇರವಾಗಿ ದೊರೆತರೆ, ಒಂದು ಹಗಲಿನ ಭೇಟಿಯೂ ಕಸುಬಿನ ಆಯುಷ್ಯವನ್ನು ಹೆಚ್ಚಿಸಬಲ್ಲದು.

ಆದರೆ ಅಪರೂಪದ್ದನ್ನು ಹುಡುಕುವ ಉತ್ಸಾಹಕ್ಕೆ ಒಂದು ಮೇರೆ ಅಗತ್ಯ. ಹಡಗುಗಳು ಬರುವ ತಿಂಗಳುಗಳಲ್ಲೇ ತುಳುನಾಡಿನಲ್ಲಿ ಭೂತಕೋಲಗಳೂ, ಅಂದರೆ ಮನೆತನ ಮತ್ತು ಗ್ರಾಮಗಳನ್ನು ಕಾಯುವ ದೈವಗಳ ಆರಾಧನೆಗಳೂ, ನಡೆಯುತ್ತವೆ. ಕೋಲವು ಆ ಕುಟುಂಬ ಮತ್ತು ಊರಿನವರು ದೈವದ ಮುಂದೆ ತಮ್ಮ ಕಷ್ಟ, ವ್ಯಾಜ್ಯಗಳನ್ನಿಟ್ಟು ನುಡಿ ಕೇಳುವ ಸನ್ನಿವೇಶವಾದ್ದರಿಂದ, ಗಡಿಯಾರ ನೋಡಿಕೊಂಡು ಬಸ್ಸಿಗೆ ಮರಳಬೇಕಾದ ಗುಂಪಿಗೆ ಅದು ತಕ್ಕ ಸ್ಥಳವಲ್ಲ. ಕಟ್ಟೆಯ ಮೇಲೆಯೇ ಪ್ರಯಾಣಿಕರನ್ನು ಸ್ವಾಗತಿಸುವ ಯಕ್ಷಗಾನದ ವೇಷ ಕಲಾಪ್ರದರ್ಶನವಾಗಿ ಸಲ್ಲುತ್ತದೆ. ದೈವದ ಅಂಗಳಕ್ಕೆ ಕರೆಯದೆ ಹೋಗುವುದು ಸಲ್ಲದು. ಗೇರುಬೀಜದ ಕಾರ್ಖಾನೆಯಲ್ಲಿಯೂ ಕೆಲಸಗಾರರ ಫೋಟೋ ತೆಗೆಯುವ ಮೊದಲು ಅವರ ಅನುಮತಿ ಕೇಳುವುದು, ಭೇಟಿಯಿಂದ ಬಂದ ಹಣದಲ್ಲಿ ಅವರಿಗೂ ಪಾಲು ಸಲ್ಲುವುದು ಇದೇ ಮರ್ಯಾದೆಯ ಭಾಗವಾಗಬೇಕು.

ಮಂಗಳೂರಿನ ದಡದ ಸಂಚಾರಗಳ ಇತಿಹಾಸ ಕಲಿಸುವ ಪಾಠ ಹೀಗೆ ಪ್ರಾಯೋಗಿಕವಾದುದು. 14ನೆಯ ಶತಮಾನದ ಅರಸ ಬಂದವರ ಭಯವನ್ನು ನೀಗಿಸಿ, ತನ್ನ ಊರಿನ ಅಗತ್ಯವನ್ನೂ ಕಾಯ್ದುಕೊಂಡನು. 17ನೆಯ ಶತಮಾನದ ಪ್ರವಾಸಿ ಕೋಟೆ ಬಿಟ್ಟು ಹೊರಟದ್ದರಿಂದ ಕಾಲುವೆಯ ಕೆಲಸದಲ್ಲಿದ್ದ ರಾಣಿಯನ್ನು ಕಂಡನು. ಯಾವ ತಾಣಗಳನ್ನು ಪಟ್ಟಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಹಡಗಿನ ಕಂಪನಿಗಳ ಕಚೇರಿಗಳಿಗೆ ಪೂರ್ತಿಯಾಗಿ ಬಿಟ್ಟುಕೊಡದೆ, ನೇಕಾರರು, ಹೆಂಚು ಸುಡುವವರು, ಬೀಜ ಸುಲಿಯುವವರು, ಬಸದಿ ದೇಗುಲಗಳನ್ನು ನೋಡಿಕೊಳ್ಳುವವರು ಕುಳಿತು ಮಾಡಿದರೆ, ಎಂಟು ಗಂಟೆಗಳ ಅವಧಿಯಲ್ಲೂ ಬಂದವರಿಗೆ ಈ ನಾಡು ತನ್ನ ನಿಜರೂಪದಲ್ಲಿ ಕಾಣುತ್ತದೆ, ತೋರಿಸಿದವರಿಗೆ ಅದರ ಫಲವೂ ದಕ್ಕುತ್ತದೆ.