ಮಳೆಯೂ ರಾಗಿಯ ತಳಿಯೂ

ಹಳೆಯ ಮೈಸೂರು ಸೀಮೆಯ ಒಣಬೇಸಾಯದಲ್ಲಿ ರಾಗಿಯ ಬಿತ್ತನೆಗೆ ಹದವನ್ನು ಗೊತ್ತುಮಾಡುತ್ತಿದ್ದುವು ಮಳೆಯ ನಕ್ಷತ್ರಗಳು. ಮಳೆಯು ಹಿಂದಾದ ವರ್ಷ ಬಿತ್ತನೆಯೂ ಹಿಂದಾಗುವುದು. ನಿಧಾನವಾಗಿ ಬೆಳೆಯುವ ರಾಗಿಗೆ ತೆನೆ ಬಲಿಯುವ ಹೊತ್ತಿಗೆ ನೆಲದ ತೇವವು ಆರಿಹೋಗುವುದು. ಬೇಗನೆ ಮಾಗಿಯೂ ಹುಲುಸಾಗಿ ಫಲಿಸುವ ಬೀಜವು ದೊರೆತಲ್ಲದೆ ಈ ಸಂಕಟವು ಕಳೆಯುವಂತಿರಲಿಲ್ಲ.

ರಾಗಿಯ ಹೂವಾದರೋ ಅತಿ ಸೂಕ್ಷ್ಮವಾದುದು, ತನ್ನ ಪರಾಗದಿಂದಲೇ ಕಾಳುಕಟ್ಟತಕ್ಕದ್ದು. ಎರಡು ತಳಿಗಳನ್ನು ಬೆರಸುವುದು ಬಹು ತಾಳ್ಮೆಯ ಕೆಲಸ. ಮಂಡ್ಯದ ವಿ. ಸಿ. ಫಾರಂನಲ್ಲಿ ಈ ಕೆಲಸಕ್ಕೆ ಆಯುಸ್ಸನ್ನೇ ಸವೆಸಿದ ಲಕ್ಷ್ಮಣಯ್ಯನವರನ್ನು (1921–1993) ಜನರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಆಫ್ರಿಕದ ರಾಗಿಯನ್ನು ಇಲ್ಲಿಯದರೊಡನೆ ಕೂಡಿಸಿ ಅವರು ಪಡೆದ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಾಯಿತು. ರಾಗಿಯ ತವರು ಆಫ್ರಿಕವೇ ಆದುದರಿಂದ ಇದನ್ನು ದೂರದ ನೆಂಟರ ಕೂಟವೆನ್ನಬಹುದು.

ಇಂಡಾಫ್-8 ಮಾಗಲು ಸುಮಾರು 120 ದಿನ ಬೇಕು. ಇಂಡಾಫ್-9ಕ್ಕೆ ಸುಮಾರು 100 ಸಾಕು. ಸಕಾಲದ ಮಳೆಗೆ ಮೊದಲನೆಯದನ್ನೂ ತಡವಾದ ಮಳೆಗೆ ಎರಡನೆಯದನ್ನೂ ಬಿತ್ತುವ ಕ್ರಮವು ಹೀಗೆ ಬಳಕೆಗೆ ಬಂದಿತು. ಆದರೂ ಮೋಡ ಕವಿದ ತೇವದ ಹವೆಯಲ್ಲಿ ಹಬ್ಬುವ ಬೆಂಕಿರೋಗಕ್ಕೆ ಇಂಡಾಫ್-9 ಮೊದಲಾದ ಕೆಲವು ತಳಿಗಳು ಸೋತುವು. ಆ ರೋಗವನ್ನು ತಡೆಯಬಲ್ಲ ಜಿಪಿಯು-28 ತಳಿಯು ಬೆಂಗಳೂರಿನಿಂದ ರೈತರ ಕೈಸೇರಿದುದು 1990ರ ದಶಕದಲ್ಲಿ.